ಸೂರ್ಯನ ದೂರ ಹೇಳಿಕೊಟ್ಟ ಕಲ್ಲು

ಭೂಮಿಯಿಂದ ಸೂರ್ಯನಿಗೆ ಎಷ್ಟು ದೂರ? ಪ್ರೌಢಶಾಲೆಯ ಯಾವ ವಿದ್ಯಾರ್ಥಿಯನ್ನು ಕೇಳಿದರೂ, ಸುಮಾರು ೧೪ ಕೋಟಿ ೯೬ ಲಕ್ಷ ಕಿಲೋಮೀಟರು ಎಂದು ಥಟ್ಟನೆ ಉತ್ತರ ಬರುತ್ತದೆ. ಸರಿಯಾದ ಉತ್ತರವೇ. ಆದರೆ ಈ ದೂರವನ್ನು ಅಳೆದವರು ಯಾರು, ಯಾವ ಕೋಲಿನಿಂದ ಅಳೆದರು ಎಂದು ಮುಂದಕ್ಕೆ ಕೇಳಿದರೆ ಹುಡುಗನಿರಲಿ, ಉಪಾಧ್ಯಾಯರೂ ಒಂದು ಕ್ಷಣ ತಡೆದು ಯೋಚಿಸಬೇಕಾಗುತ್ತದೆ. ಸೂರ್ಯನವರೆಗೆ ಸರಪಳಿ ಎಳೆದವರು ಯಾರೂ ಇಲ್ಲ. ಬಹಳ ಕಾಲ ಈ ಅಳತೆಗೆ ನೆರವಾದದ್ದು ಆಕಾಶದಲ್ಲಿ ಅಲೆಯುವ ಒಂದು ಕಲ್ಲು. ಅದರ ಉದ್ದ ಸುಮಾರು ೩೪ ಕಿಲೋಮೀಟರು, ಅಗಲ ೧೧ ಕಿಲೋಮೀಟರು, ಹೆಸರು ಈರಾಸ್. ನೆರೆಯ ಗ್ರಹವಾದ ಮಂಗಳನ ದಾರಿಯನ್ನು ದಾಟಿ ನಮ್ಮ ಕಡೆಗೆ ಬಂದುಹೋಗುವ ಈ ಕಲ್ಲಿನ ಕಥೆಯನ್ನು ಇಲ್ಲಿ ನಿಮ್ಮ ಮುಂದಿಡುತ್ತೇನೆ.

ಮಂಗಳ ಮತ್ತು ಗುರು ಗ್ರಹಗಳ ನಡುವೆ ವಿಶಾಲವಾದ ಬಯಲಿದೆ. ಅಲ್ಲಿ ದೊಡ್ಡ ಗ್ರಹವೊಂದೂ ಇಲ್ಲ. ಆದರೆ ಲೆಕ್ಕಕ್ಕೆ ಸಿಕ್ಕದಷ್ಟು ಸಣ್ಣ ಸಣ್ಣ ಕಾಯಗಳು ಸೂರ್ಯನನ್ನು ಸುತ್ತುತ್ತಿವೆ. ಇವನ್ನು ಕ್ಷುದ್ರಗ್ರಹಗಳೆಂದು ಕರೆಯುತ್ತಾರೆ. ಇವುಗಳಲ್ಲಿ ಮೊದಲನೆಯದಾದ ಸೀರಿಸ್ ಕಣ್ಣಿಗೆ ಬಿದ್ದದ್ದು ೧೮೦೧ರ ಜನವರಿ ೧ರ ರಾತ್ರಿ, ಸಿಸಿಲಿ ದ್ವೀಪದ ಪಲೆರ್ಮೋ ನಗರದ ಪಿಯಾಜ್ಜಿ ಎಂಬ ಪಾದ್ರಿಗೆ. ಆ ಶತಮಾನ ಮುಗಿಯುವ ಹೊತ್ತಿಗೆ ನಾನೂರಕ್ಕೂ ಮೇಲ್ಪಟ್ಟು ಸಿಕ್ಕಿದ್ದವು. ಹೊಸದೊಂದು ಸಿಕ್ಕಿತೆಂದರೆ ಯಾರೂ ಅಚ್ಚರಿಪಡುತ್ತಿರಲಿಲ್ಲ. ಸಂಖ್ಯೆ ಹಾಕುವುದು, ದೇವತೆಯೊಬ್ಬಳ ಹೆಸರಿಡುವುದು, ಕಕ್ಷೆಯನ್ನು ಗಣಿಸಿ ಪಟ್ಟಿಗೆ ಸೇರಿಸುವುದು. ಅಲ್ಲಿಗೆ ಕೆಲಸ ಮುಗಿಯುತ್ತಿತ್ತು.

೧೮೯೮ರ ಆಗಸ್ಟ್ ೧೩ರ ರಾತ್ರಿ ಬರ್ಲಿನ್ನಿನ ಯುರೇನಿಯಾ ವೇಧಶಾಲೆಯಲ್ಲಿ ಗುಸ್ತಾವ್ ವಿಟ್ ಎಂಬವರು ಕುಂಭರಾಶಿಯ ಒಂದು ಭಾಗದ ಛಾಯಾಚಿತ್ರ ತೆಗೆಯುತ್ತಿದ್ದರು. ಆಗಲೇ ಗೊತ್ತಿದ್ದ ಒಂದು ಕ್ಷುದ್ರಗ್ರಹದ ಸ್ಥಾನವನ್ನು ಗುರುತಿಸುವುದಷ್ಟೇ ಅವರ ಉದ್ದೇಶ. ಎರಡು ಗಂಟೆಗಳ ಕಾಲ ದೂರದರ್ಶಕವನ್ನು ನಕ್ಷತ್ರಗಳ ಚಲನೆಗೆ ಹೊಂದಿಸಿಕೊಂಡು ತಟ್ಟೆಗೆ ಬೆಳಕು ಕೊಟ್ಟರು. ಹೀಗೆ ತೆಗೆದ ಚಿತ್ರದಲ್ಲಿ ನಕ್ಷತ್ರಗಳು ಚುಕ್ಕೆಗಳಾಗಿ ಮೂಡುತ್ತವೆ. ಅವುಗಳ ನಡುವೆ ಜಾಗ ಬದಲಿಸುವ ಕಾಯ ಮಾತ್ರ ಗೆರೆಯಾಗಿ ಮೂಡುತ್ತದೆ. ಆ ರಾತ್ರಿಯ ತಟ್ಟೆಯಲ್ಲಿ ಎಂದೂ ಕಾಣದಷ್ಟು ಉದ್ದವಾದ ಒಂದು ಗೆರೆ ಇತ್ತು. ಉದ್ದ ಗೆರೆ ಎಂದರೆ ವೇಗದ ನಡೆ. ವೇಗದ ನಡೆ ಎಂದರೆ ಅದು ನಮಗೆ ಹತ್ತಿರದಲ್ಲಿದೆ ಎಂದರ್ಥ. ದೂರದ ಬೆಟ್ಟದ ಮೇಲೆ ಹೋಗುವ ಗಾಡಿ ನಿಂತಂತೆ ತೋರುತ್ತದೆ, ಮನೆ ಮುಂದಿನ ರಸ್ತೆಯ ಗಾಡಿ ಕಣ್ಣೆದುರೇ ಹಾದುಹೋಗುತ್ತದೆ, ಅಲ್ಲವೇ? ಅದೇ ರಾತ್ರಿ ಫ್ರಾನ್ಸಿನ ನೀಸ್ ನಗರದಲ್ಲಿ ಶಾರ್ಲ್ವಾ ಎಂಬವರ ತಟ್ಟೆಯ ಮೇಲೂ ಅದು ಮೂಡಿತ್ತು. ಆದರೆ ಸುದ್ದಿಯನ್ನು ಮೊದಲು ಜಗತ್ತಿಗೆ ತಿಳಿಸಿದವರು ವಿಟ್.

ಕಕ್ಷೆಯನ್ನು ಗಣಿಸಿದಾಗ ಖಗೋಳ ವಿಜ್ಞಾನಿಗಳು ಬೆರಗಾದರು. ಈ ೪೩೩ನೆಯ ಕ್ಷುದ್ರಗ್ರಹ ಮಂಗಳ ಮತ್ತು ಗುರುವಿನ ನಡುವಣ ಬಯಲಿನಲ್ಲಿ ತನ್ನ ಒಡಹುಟ್ಟಿದವರ ಜೊತೆ ಇರಲಿಲ್ಲ. ಮಂಗಳ ಗ್ರಹ ಸೂರ್ಯನಿಂದ ಸುಮಾರು ೨೦ ಕೋಟಿ ೭೦ ಲಕ್ಷ ಕಿಲೋಮೀಟರಿನಿಂದ ೨೪ ಕೋಟಿ ೯೦ ಲಕ್ಷ ಕಿಲೋಮೀಟರಿನವರೆಗಿನ ದೂರದಲ್ಲಿ ಸುತ್ತುತ್ತದೆ. ಹೊಸ ಕಾಯವಾದರೋ ಸೂರ್ಯನಿಂದ ಸುಮಾರು ೨೬ ಕೋಟಿ ೭೦ ಲಕ್ಷ ಕಿಲೋಮೀಟರು ದೂರಕ್ಕೆ ಹೋಗಿ, ಅಲ್ಲಿಂದ ಮರಳಿ ೧೭ ಕೋಟಿ ಕಿಲೋಮೀಟರಿಗೂ ತುಸು ಒಳಕ್ಕೆ ಬರುತ್ತದೆ. ಎಂದರೆ ಒಂದು ಸುತ್ತಿನಲ್ಲಿ ಮಂಗಳನ ದಾರಿಯನ್ನು ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ ದಾಟುತ್ತದೆ. ಸುತ್ತು ಮುಗಿಯಲು ೬೪೩ ದಿನ ಬೇಕು. ಭೂಮಿಯ ನೆರೆಗೆ ಬರುವ ಕ್ಷುದ್ರಗ್ರಹಗಳಲ್ಲಿ ಮೊದಲು ಕಂಡದ್ದು ಇದೇ. ದಾರಿ ಬಿಟ್ಟು ನಡೆಯುವ ಇದಕ್ಕೆ ಹೆಸರೂ ಬೇರೆ ರೀತಿಯದಾಗಲಿ ಎಂದು, ದೇವಿಯರ ಹೆಸರಿಡುವ ಪರಿಪಾಠವನ್ನು ಮುರಿದು, ಗ್ರೀಕರ ಮನ್ಮಥನಾದ ಈರಾಸನ ಹೆಸರನ್ನು ಕೊಟ್ಟರು.

ಇಲ್ಲಿ ನಿಮಗೊಂದು ಸಂದೇಹ ಬರಬಹುದು. ಒಬ್ಬರ ದಾರಿಯನ್ನು ಇನ್ನೊಬ್ಬರು ಹೀಗೆ ಮತ್ತೆ ಮತ್ತೆ ದಾಟುತ್ತಿದ್ದರೆ ಒಂದು ದಿನ ಡಿಕ್ಕಿಯಾಗದೇ? ಊರ ನಕ್ಷೆಯಲ್ಲಿ ರೈಲು ಹಾದಿಯೂ ರಸ್ತೆಯೂ ಒಂದನ್ನೊಂದು ಕತ್ತರಿಸುವಂತೆ ಬರೆದಿರುತ್ತದೆ. ಹೋಗಿ ನೋಡಿದರೆ ರೈಲು ಸೇತುವೆಯ ಮೇಲೆ, ರಸ್ತೆ ಅದರ ಕೆಳಗೆ. ಈರಾಸಿನ ಕಕ್ಷೆಯೂ ಹಾಗೆಯೇ. ಅದು ಭೂಮಿಯ ಕಕ್ಷೆಯ ಸಮತಲಕ್ಕೆ ಸುಮಾರು ೧೧ ಡಿಗ್ರಿಗಳಷ್ಟು ಓರೆಯಾಗಿದೆ. ಕಾಗದದ ಮೇಲೆ ಗೆರೆಗಳು ಕೂಡಿದ ಕಡೆ ಆಕಾಶದಲ್ಲಿ ಮೇಲು ಕೆಳಗಿನ ಅಂತರ ಬಹಳವಾಗಿರುತ್ತದೆ. ಆದ್ದರಿಂದ ಸದ್ಯಕ್ಕೆ ಮಂಗಳನಿಗೂ ಭಯವಿಲ್ಲ, ನಮಗೂ ಭಯವಿಲ್ಲ. ಸದ್ಯಕ್ಕೆ ಎಂದೆನಲ್ಲ, ಆ ಮಾತಿಗೆ ಕೊನೆಯಲ್ಲಿ ಬರೋಣ.

ಇಷ್ಟು ಸಣ್ಣ ಕಲ್ಲಿನ ನಡೆ ತಿಳಿದು ನಮಗೇನು ಲಾಭ? ಒಂದು ಪ್ರಯೋಗ ಮಾಡಿ ನೋಡಿ. ಬಲಗೈಯನ್ನು ಮುಂದಕ್ಕೆ ಚಾಚಿ ಹೆಬ್ಬೆರಳನ್ನು ನಿಲ್ಲಿಸಿ. ಎಡಗಣ್ಣು ಮುಚ್ಚಿ ಬೆರಳನ್ನು ನೋಡಿ, ಆಮೇಲೆ ಬಲಗಣ್ಣು ಮುಚ್ಚಿ ನೋಡಿ. ಎದುರು ಗೋಡೆಯ ಹಿನ್ನೆಲೆಯಲ್ಲಿ ಬೆರಳು ಜಾಗ ಬದಲಿಸಿದಂತೆ ತೋರುತ್ತದೆ. ಬೆರಳನ್ನು ಮೂಗಿನ ಹತ್ತಿರ ತಂದರೆ ಈ ಜಿಗಿತ ಹೆಚ್ಚುತ್ತದೆ, ದೂರ ಒಯ್ದರೆ ಕಡಿಮೆಯಾಗುತ್ತದೆ. ಎರಡು ಕಣ್ಣುಗಳ ನಡುವಣ ಅಂತರವೂ ಜಿಗಿತದ ಕೋನವೂ ಗೊತ್ತಿದ್ದರೆ, ಬೆರಳನ್ನು ಮುಟ್ಟದೆಯೇ ಅದರ ದೂರವನ್ನು ಲೆಕ್ಕದಿಂದ ಹೇಳಬಹುದು. ನಮ್ಮ ಹಳೆಯ ಸಿದ್ಧಾಂತ ಗ್ರಂಥಗಳು ಗ್ರಹಣದ ಗಣಿತದಲ್ಲಿ ಬಳಸುವ ಲಂಬನ ಎಂಬುದು ಇದೇ ತತ್ತ್ವ.

ನಮ್ಮ ನಾಡಿನ ನೆಲವನ್ನು ಅಳೆದದ್ದೂ ಇದೇ ತತ್ತ್ವದಿಂದ. ೧೮೦೦ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಮೈಸೂರು ಸೀಮೆಯ ಸರ್ವೆಗಾಗಿ ಬೆಂಗಳೂರಿನ ಬಳಿ ಸುಮಾರು ೧೨ ಕಿಲೋಮೀಟರು ಉದ್ದದ ಒಂದು ಗೆರೆಯನ್ನು ಉಕ್ಕಿನ ಸರಪಳಿಯಿಂದ ಬಹು ಜಾಗರೂಕತೆಯಿಂದ ಅಳೆದರು. ಸರಪಳಿಯ ಕೆಲಸ ಅಲ್ಲಿಗೆ ಮುಗಿಯಿತು. ಆಮೇಲೆ ಆ ಗೆರೆಯ ಎರಡು ತುದಿಗಳಿಂದ ದೂರದ ಬೆಟ್ಟದ ನೆತ್ತಿಯನ್ನು ನೋಡಿ ಕೋನಗಳನ್ನು ಬರೆದುಕೊಂಡರೆ ಸಾಕು, ಬೆಟ್ಟದ ದೂರ ಲೆಕ್ಕಕ್ಕೆ ಸಿಗುತ್ತದೆ. ಹೀಗೆ ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತ ನಡೆದ ಸರ್ವೆ ಮುಂದೆ ಹಿಮಾಲಯವನ್ನು ಮುಟ್ಟಿತು. ಆಕಾಶಕ್ಕೂ ಇದೇ ಉಪಾಯ. ಅಲ್ಲಿ ಸರಪಳಿಯ ಗೆರೆಗೆ ಬದಲಾಗಿ ಭೂಮಿಯ ಗಾತ್ರವನ್ನೇ ಹಿಡಿಯಬೇಕು. ದೂರ ದೂರದ ಎರಡು ವೇಧಶಾಲೆಗಳೇ ನಮ್ಮ ಎರಡು ಕಣ್ಣುಗಳು.

ಹಾಗಿದ್ದರೆ ನೇರವಾಗಿ ಸೂರ್ಯನನ್ನೇ ನೋಡಿ ಕೋನ ಅಳೆಯಬಾರದೇಕೆ? ಏಕೆಂದರೆ ಆ ಕೋನ ತೀರ ಕಿರಿದು. ಸೂರ್ಯನಲ್ಲಿ ನಿಂತು ನೋಡಿದರೆ ಭೂಮಿಯ ಅರ್ಧ ಅಡ್ಡಳತೆ ಸುಮಾರು ೮.೮ ವಿಕಲೆಗಳಷ್ಟು ಕಾಣುತ್ತದೆ. ಒಂದು ಡಿಗ್ರಿಯನ್ನು ೩,೬೦೦ ಪಾಲು ಮಾಡಿದರೆ ಒಂದು ಪಾಲು ಒಂದು ವಿಕಲೆ. ಎರಡೂವರೆ ಸೆಂಟಿಮೀಟರು ಅಗಲದ ನಾಣ್ಯವನ್ನು ೬೦೦ ಮೀಟರು ದೂರದಲ್ಲಿಟ್ಟರೆ ಎಷ್ಟು ಕಾಣುತ್ತದೆಯೋ ಅಷ್ಟು. ಮೇಲಾಗಿ ಸೂರ್ಯನ ಹಿಂದೆ ಗುರುತಿಗೆ ನಕ್ಷತ್ರಗಳೂ ಕಾಣುವುದಿಲ್ಲ. ಗೋಡೆಯಿಲ್ಲದೆ ಬೆರಳಿನ ಜಿಗಿತವನ್ನು ನೋಡಲು ಹೊರಟಂತೆ.

ಆದರೆ ಇಲ್ಲೊಂದು ಅನುಕೂಲವುಂಟು. ಹದಿನೇಳನೆಯ ಶತಮಾನದ ಆದಿಯಲ್ಲಿಯೇ ಕೆಪ್ಲರ್ ಗ್ರಹಗಳ ನಡೆಯ ನಿಯಮಗಳನ್ನು ಕಂಡುಹಿಡಿದಿದ್ದರು. ಯಾವ ಗ್ರಹ ಎಷ್ಟು ದಿನದಲ್ಲಿ ಸುತ್ತುತ್ತದೆ ಎಂದು ತಿಳಿದರೆ, ಭೂಮಿಗೆ ಹೋಲಿಸಿದಂತೆ ಅದು ಸೂರ್ಯನಿಂದ ಎಷ್ಟು ಪಟ್ಟು ದೂರ ಎಂದು ತಿಳಿಯುತ್ತದೆ. ಆದ್ದರಿಂದ ಸೌರವ್ಯೂಹದ ನಕ್ಷೆ ವಿಜ್ಞಾನಿಗಳ ಕೈಯಲ್ಲಿ ಅಚ್ಚುಕಟ್ಟಾಗಿ ಸಿದ್ಧವಾಗಿತ್ತು. ಆ ನಕ್ಷೆಯ ಮೂಲೆಯಲ್ಲಿ ಒಂದು ಅಂಗುಲಕ್ಕೆ ಎಷ್ಟು ಗಾವುದ ಎಂಬ ಗುರುತು ಮಾತ್ರ ಇರಲಿಲ್ಲ. ನಕ್ಷೆಯ ಯಾವುದಾದರೂ ಎರಡು ಊರುಗಳ ನಿಜವಾದ ಅಂತರ ತಿಳಿದರೆ ಸಾಕು, ಉಳಿದ ಎಲ್ಲ ಅಂತರಗಳೂ ತಾವಾಗಿ ತಿಳಿಯುತ್ತವೆ. ಹಾಗೆ ಹತ್ತಿರದ ಒಂದು ಕಾಯದ ದೂರವನ್ನು ಅಳೆದರೆ ಸೂರ್ಯನ ದೂರವೂ ಕೈಗೆ ಬರುತ್ತದೆ. ಆ ಕಾಯ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು.

ಇದಕ್ಕಾಗಿ ಮನುಷ್ಯ ಪಟ್ಟ ಪಾಡು ಸಾಮಾನ್ಯವಲ್ಲ. ೧೬೭೨ರಲ್ಲಿ ಪ್ಯಾರಿಸ್ಸಿನಲ್ಲಿದ್ದ ಕಸ್ಸೀನಿಯೂ ದಕ್ಷಿಣ ಅಮೆರಿಕದ ಕಯೆನ್ನಿಗೆ ಹೋದ ರಿಶೇಯೂ ಮಂಗಳವನ್ನು ನೋಡಿ ಅಳೆದರು. ೧೭೬೧ ಮತ್ತು ೧೭೬೯ರಲ್ಲಿ ಶುಕ್ರಗ್ರಹ ಸೂರ್ಯಬಿಂಬದ ಮೇಲೆ ಹಾದುಹೋದಾಗ ಯುರೋಪಿನ ಪಂಡಿತರು ದಿಕ್ಕು ದಿಕ್ಕಿಗೆ ಹಡಗು ಹತ್ತಿದರು. ಲ ಜಾಂತಿಯ್ ಎಂಬ ಫ್ರೆಂಚ್ ಪಂಡಿತರು ಪುದುಚೇರಿಗೆಂದು ಹೊರಟರೆ, ಅವರು ತಲುಪುವುದರೊಳಗೆ ಪುದುಚೇರಿ ಇಂಗ್ಲಿಷರ ವಶವಾಗಿತ್ತು. ೧೭೬೧ರ ಸಂಕ್ರಮಣವನ್ನು ಅವರು ತೂಗಾಡುವ ಹಡಗಿನ ಮೇಲಿಂದ ನೋಡಬೇಕಾಯಿತು, ಅಳತೆ ಸಾಧ್ಯವಾಗಲಿಲ್ಲ. ಎಂಟು ವರ್ಷ ಊರಿಗೆ ಮರಳದೆ ಕಾದು, ಪುದುಚೇರಿಯಲ್ಲಿಯೇ ವೇಧಶಾಲೆ ಕಟ್ಟಿಕೊಂಡು ಕುಳಿತರು. ೧೭೬೯ರ ಆ ಬೆಳಗ್ಗೆ ಮೋಡ ಕವಿಯಿತು. ಸಂಕ್ರಮಣ ಮುಗಿದ ಮೇಲೆ ಬಿಸಿಲು ಬಂತು.

ಶುಕ್ರಸಂಕ್ರಮಣ ನೂರು ವರ್ಷಕ್ಕೊಮ್ಮೆ ಜೋಡಿಯಾಗಿ ಬರುವ ಅತಿಥಿ. ಮಂಗಳನಾದರೆ ಎರಡು ವರ್ಷಕ್ಕೊಮ್ಮೆ ಎದುರಾಗುತ್ತಾನೆ. ಆದರೆ ಅವನು ತಟ್ಟೆಯಂತೆ ಅಗಲವಾಗಿ ಕಾಣುವುದರಿಂದ ಸರಿಯಾದ ನಡುಬಿಂದುವನ್ನು ಹಿಡಿಯುವುದು ಕಷ್ಟ. ಈ ಕಷ್ಟವನ್ನು ಅರಿತ ಸ್ಕಾಟ್ಲೆಂಡಿನ ಡೇವಿಡ್ ಗಿಲ್ ೧೮೮೮-೮೯ರಲ್ಲಿ ಮೂರು ಕ್ಷುದ್ರಗ್ರಹಗಳ ಕಡೆ ತಿರುಗಿದರು. ಅವು ನಕ್ಷತ್ರದಂತೆ ಬರಿಯ ಚುಕ್ಕೆಗಳು, ನಡುಬಿಂದುವಿನ ತಂಟೆಯಿಲ್ಲ. ಆದರೆ ಅವು ಮಂಗಳನಿಗಿಂತ ದೂರ. ಚುಕ್ಕೆಯಂತೆಯೂ ಇರಬೇಕು, ಮಂಗಳನಿಗಿಂತ ಹತ್ತಿರಕ್ಕೂ ಬರಬೇಕು. ಅಂಥದೊಂದು ಕಾಯ ಇದ್ದಿದ್ದರೆ ಎಂದು ಹಂಬಲಿಸುತ್ತಿದ್ದ ಕಾಲದಲ್ಲಿ ಈರಾಸ್ ಸಿಕ್ಕಿತು. ಮಂಗಳ ಎಷ್ಟೇ ಹತ್ತಿರ ಬಂದರೂ ಐದೂವರೆ ಕೋಟಿ ಕಿಲೋಮೀಟರಿಗಿಂತ ಆಚೆಯೇ ನಿಲ್ಲುತ್ತದೆ. ಈರಾಸ್ ಎರಡೂಕಾಲು ಕೋಟಿಯವರೆಗೂ ಬರಬಲ್ಲದು.

ಆದರೆ ವಿಧಿಯ ಆಟ ನೋಡಿ. ಈರಾಸ್ ಅಷ್ಟು ಹತ್ತಿರಕ್ಕೆ ಬರುವುದು ೩೭ ಮತ್ತು ೪೪ ವರ್ಷಗಳಿಗೆ ಒಮ್ಮೊಮ್ಮೆ. ಲೆಕ್ಕ ಹಾಕಿ ಹಿಂದಕ್ಕೆ ಹೋದಾಗ, ೧೮೯೪ರ ಜನವರಿಯಲ್ಲಿ ಅದು ಮನೆ ಬಾಗಿಲಿಗೇ ಬಂದುಹೋಗಿತ್ತೆಂದು ತಿಳಿಯಿತು. ಆಗ ಅದು ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಅಮೆರಿಕದ ಹಾರ್ವರ್ಡ್ ವೇಧಶಾಲೆಯಲ್ಲಿ ವಿಲಿಯಮಿನಾ ಫ್ಲೆಮಿಂಗ್ ಎಂಬ ಮಹಿಳೆ ಹಳೆಯ ಗಾಜಿನ ತಟ್ಟೆಗಳನ್ನು ಒಂದೊಂದಾಗಿ ತೆಗೆದು ಪರೀಕ್ಷಿಸಿದರು. ೧೮೯೩, ೧೮೯೪ ಮತ್ತು ೧೮೯೬ರ ತಟ್ಟೆಗಳ ಮೇಲೆ ಈರಾಸ್ ತನ್ನ ಸಣ್ಣ ಗೆರೆಯನ್ನು ಬರೆದಿಟ್ಟೇ ಹೋಗಿತ್ತು! ನೋಡುವವರಿಲ್ಲದೆ ಬೀರುವಿನಲ್ಲಿ ಕುಳಿತಿದ್ದ ಆ ಗೆರೆಗಳು ಕಕ್ಷೆಯನ್ನು ನಿಖರವಾಗಿ ಗಣಿಸಲು ನೆರವಾದವು. ಅವಕಾಶವಂತೂ ಕೈ ತಪ್ಪಿತ್ತು. ಮುಂದಿನ ಒಳ್ಳೆಯ ಅವಕಾಶ ೧೯೩೧ರಲ್ಲಿ.

ಅಷ್ಟು ಕಾಲ ಸುಮ್ಮನೆ ಕೂಡುವುದು ಹೇಗೆ? ೧೯೦೦-೦೧ರಲ್ಲಿ ಈರಾಸ್ ಐದು ಕೋಟಿ ಕಿಲೋಮೀಟರಿಗಿಂತ ಕೊಂಚ ಹತ್ತಿರಕ್ಕೆ ಬರುವುದಿತ್ತು. ಅದನ್ನೇ ಹಿಡಿದು ಅನೇಕ ದೇಶಗಳ ವೇಧಶಾಲೆಗಳು ಒಟ್ಟುಗೂಡಿ ಕೆಲಸ ಮಾಡಿದವು. ಬಂದ ಅಳತೆಗಳ ರಾಶಿಯನ್ನು ಕೇಂಬ್ರಿಜ್ಜಿನ ಆರ್ಥರ್ ಹಿಂಕ್ಸ್ ವರ್ಷಗಟ್ಟಲೆ ಕುಳಿತು ಬಿಡಿಸಿದರು. ೧೯೩೧ರ ಜನವರಿ ಕೊನೆಯಲ್ಲಿ ಈರಾಸ್ ಸುಮಾರು ೨ ಕೋಟಿ ೬೦ ಲಕ್ಷ ಕಿಲೋಮೀಟರು ದೂರಕ್ಕೆ ಬಂತು. ಅಲ್ಲಿ ಅಳೆಯಬೇಕಾದ ಕೋನ ಸೂರ್ಯನದಕ್ಕಿಂತ ಸುಮಾರು ಆರು ಪಟ್ಟು ದೊಡ್ಡದು. ಈ ಬಾರಿಯ ಕೆಲಸದ ಮುಖಂಡರು ಹೆರಾಲ್ಡ್ ಸ್ಪೆನ್ಸರ್ ಜೋನ್ಸ್. ಜಗತ್ತಿನ ಮೂಲೆ ಮೂಲೆಯಿಂದ ಬಂದ ತಟ್ಟೆಗಳನ್ನು ಅಳೆದು, ಕೂಡಿಸಿ, ಕಳೆದು, ತಪ್ಪುಗಳನ್ನು ಸೋಸಿ, ಉತ್ತರವನ್ನು ಪ್ರಕಟಿಸುವ ಹೊತ್ತಿಗೆ ೧೯೪೧ ಬಂದಿತ್ತು. ಗಣಕಯಂತ್ರಗಳಿಲ್ಲದ ಕಾಲ, ಹೊರಗೆ ಮಹಾಯುದ್ಧ. ಕೋನ ೮.೭೯೦ ವಿಕಲೆ, ಎಂದರೆ ಸೂರ್ಯನ ದೂರ ಸುಮಾರು ೧೪ ಕೋಟಿ ೯೬ ಲಕ್ಷದ ೭೦ ಸಾವಿರ ಕಿಲೋಮೀಟರು.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ೧೯೫೦ರಲ್ಲಿ ಯೂಜೀನ್ ರಾಬ ಎಂಬ ವಿಜ್ಞಾನಿ ಅದೇ ಈರಾಸನ್ನು ಬೇರೊಂದು ದಾರಿಯಿಂದ ವಿಚಾರಿಸಿದರು. ಹತ್ತಿರ ಬಂದಾಗಲೆಲ್ಲ ಭೂಮಿ ತನ್ನ ಗುರುತ್ವದಿಂದ ಈರಾಸನ್ನು ತುಸು ಎಳೆಯುತ್ತದೆ; ಆ ಎಳೆತದಿಂದ ಅದರ ನಡೆ ಎಷ್ಟು ತಪ್ಪಿತು ಎಂದು ನೋಡಿದರೂ ಸೂರ್ಯನ ದೂರವನ್ನು ಗಣಿಸಬಹುದು. ಅವರಿಗೆ ಬಂದ ಉತ್ತರ ಸುಮಾರು ೧೪ ಕೋಟಿ ೯೫ ಲಕ್ಷದ ೩೦ ಸಾವಿರ ಕಿಲೋಮೀಟರು. ಸಾಕ್ಷಿ ಒಂದೇ, ಹೇಳಿಕೆ ಎರಡು! ಎರಡಕ್ಕೂ ನಡುವಣ ವ್ಯತ್ಯಾಸ ೧ ಲಕ್ಷ ೪೦ ಸಾವಿರ ಕಿಲೋಮೀಟರು; ಹನ್ನೊಂದು ಭೂಮಿಗಳನ್ನು ಸಾಲಾಗಿ ನಿಲ್ಲಿಸಿದಷ್ಟು. ಪುಸ್ತಕದಲ್ಲಿ ಓದುವವರಿಗೆ ಇದೊಂದು ಅಲ್ಪ ವ್ಯತ್ಯಾಸ. ಆದರೆ ಶುಕ್ರನಿಗೋ ಮಂಗಳನಿಗೋ ವ್ಯೋಮನೌಕೆಯನ್ನು ಕಳುಹಿಸಲು ಹೊರಟವರಿಗೆ ಗುರಿ ತಪ್ಪಲು ಇಷ್ಟು ಧಾರಾಳವಾಗಿ ಸಾಕು.

ಈ ವ್ಯಾಜ್ಯವನ್ನು ತೀರ್ಮಾನಿಸಿದ್ದು ರೇಡಿಯೋ ಅಲೆ. ೧೯೬೧ರಲ್ಲಿ ಶುಕ್ರಗ್ರಹ ಹತ್ತಿರ ಬಂದಾಗ ಹಲವು ದೇಶದವರು ಅದರ ಕಡೆಗೆ ಪ್ರಬಲವಾದ ರೇಡಿಯೋ ಅಲೆಗಳನ್ನು ಕಳುಹಿಸಿ ಪ್ರತಿಧ್ವನಿಗೆ ಕಾದು ಕುಳಿತರು. ನಿಮ್ಮ ಮನೆಗೆ ಹಾಡನ್ನೂ ಮಾತನ್ನೂ ಹೊತ್ತು ತರುವ ಅಲೆಗಳ ಜಾತಿಯವೇ ಇವು. ಬೆಳಕಿನ ವೇಗದಲ್ಲಿ ಹೋಗಿ ಮರಳಿ ಬರಲು ನಾಲ್ಕೈದು ನಿಮಿಷ ಹಿಡಿಯಿತು. ಆ ವೇಳೆಯನ್ನು ಸೂಕ್ಷ್ಮವಾಗಿ ಅಳೆದು ಶುಕ್ರನ ದೂರವನ್ನೂ, ಅದರಿಂದ ಸೂರ್ಯನ ದೂರವನ್ನೂ ಗಣಿಸಿದರು. ಉತ್ತರ ೧೪ ಕೋಟಿ ೯೫ ಲಕ್ಷದ ೯೮ ಸಾವಿರ ಕಿಲೋಮೀಟರಿನ ಆಸುಪಾಸು. ಸತ್ಯ ಇಬ್ಬರ ಉತ್ತರಗಳಿಗೂ ಹೆಚ್ಚು ಕಡಿಮೆ ನಟ್ಟನಡುವೆ ಇತ್ತು. ೨೦೧೨ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಈ ಮಾನವನ್ನು ೧೪,೯೫,೯೭,೮೭,೦೭,೦೦ ಮೀಟರು ಎಂದು ನಿಗದಿ ಮಾಡಿದೆ. ಮುಂದಿನವರು ಸೋಲಿಸಿದರೆಂದು ಹಿಂದಿನವರ ದುಡಿಮೆ ಹಗುರವಾಗುವುದಿಲ್ಲ. ಗಾಜಿನ ತಟ್ಟೆ, ಭೂತಗನ್ನಡಿ, ಪೆನ್ಸಿಲುಗಳಿಂದ ಅವರು ಸೂರ್ಯನ ದೂರವನ್ನು ಎರಡು ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ ತಪ್ಪಾಗಿ ಹೇಳಿದ್ದರು.

ಅಳತೆಗೋಲಿನ ಕಥೆ ಇಷ್ಟಾಯಿತು. ಇನ್ನು ಕೋಲಿನ ಸ್ವರೂಪವನ್ನೇ ನೋಡೋಣ. ೧೯೦೧ರಲ್ಲಿ ಆಸ್ಟ್ರಿಯಾದ ಓಪೋಲ್ಸರ್ ಎಂಬವರು ಈರಾಸಿನ ಬೆಳಕು ಕೆಲವು ಗಂಟೆಗಳಿಗೊಮ್ಮೆ ಹೆಚ್ಚು ಕಡಿಮೆಯಾಗುವುದನ್ನು ಕಂಡರು. ಗುಂಡಗಿರುವ ಕಾಯ ಹೀಗೆ ಮಿನುಗುವುದಿಲ್ಲ. ಉದ್ದನೆಯ ಸೌತೆಕಾಯಿಯೊಂದು ಬುಗುರಿಯಂತೆ ತಿರುಗಿದರೆ ಒಮ್ಮೆ ಉದ್ದದ ಪಕ್ಕ, ಒಮ್ಮೆ ತುದಿ ನಮ್ಮ ಕಡೆಗೆ ಬರುತ್ತದೆ. ಬೆಳಕೂ ಅದಕ್ಕೆ ತಕ್ಕಂತೆ ಏರಿ ಇಳಿಯುತ್ತದೆ. ಈರಾಸ್ ೫ ಗಂಟೆ ೧೬ ನಿಮಿಷಕ್ಕೊಮ್ಮೆ ತನ್ನ ಸುತ್ತ ತಿರುಗುತ್ತದೆ ಎಂದು ಗೊತ್ತಾಯಿತು. ೧೯೩೧ರಲ್ಲಿ ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗಿನ ದೊಡ್ಡ ದೂರದರ್ಶಕದಲ್ಲಿ ವಾನ್ ಡೆನ್ ಬೋಸ್ ಮತ್ತು ಫಿನ್ಸೆನ್ ಅದರ ನೀಳವಾದ ಆಕಾರವನ್ನು ಕಣ್ಣಾರೆ ಕಂಡರು. ಅದಕ್ಕಿಂತ ಹೆಚ್ಚಿನದನ್ನು ಇಲ್ಲಿಂದ ನೋಡುವುದು ಸಾಧ್ಯವಿರಲಿಲ್ಲ. ಅಲ್ಲಿಗೇ ಹೋಗಬೇಕಿತ್ತು.

ಹೋದದ್ದೂ ಉಂಟು. ೧೯೯೬ರ ಫೆಬ್ರವರಿ ೧೭ರಂದು ಅಮೆರಿಕದವರು ಒಂದು ನೌಕೆಯನ್ನು ಈರಾಸಿನ ಕಡೆಗೆ ಹಾರಿಸಿದರು. ಅದರ ಹೆಸರು ನಿಯರ್. ಕ್ಷುದ್ರಗ್ರಹಗಳ ವಿಷಯದಲ್ಲಿ ಮಹಾಪಂಡಿತರಾಗಿದ್ದ ಯೂಜೀನ್ ಶೂಮೇಕರ್ ೧೯೯೭ರಲ್ಲಿ ತೀರಿಕೊಂಡಿದ್ದರಿಂದ, ಅವರ ನೆನಪಿಗಾಗಿ ಮುಂದೆ ಇದನ್ನು ನಿಯರ್ ಶೂಮೇಕರ್ ಎಂದು ಕರೆದರು. ೧೯೯೮ರ ಡಿಸೆಂಬರ್ ೨೦ರಂದು ವೇಗವನ್ನು ಹೊಂದಿಸಲು ಎಂಜಿನ್ನನ್ನು ಹೊತ್ತಿಸಿದಾಗ ಅದು ಹತ್ತಿದ ಕೂಡಲೇ ನಿಂತುಹೋಯಿತು. ನೌಕೆ ತೊನೆದಾಡತೊಡಗಿತು, ೨೭ ಗಂಟೆಗಳ ಕಾಲ ಅದರಿಂದ ಸದ್ದೇ ಇಲ್ಲ. ಕೊನೆಗೆ ಸದ್ದು ಬಂತು, ಆದರೆ ಈರಾಸಿನ ಬಳಿ ನಿಲ್ಲುವ ಮುಹೂರ್ತ ಕಳೆದಿತ್ತು. ಡಿಸೆಂಬರ್ ೨೩ರಂದು ನೌಕೆ ೩,೮೨೭ ಕಿಲೋಮೀಟರು ದೂರದಿಂದ ಕೆಲವು ಚಿತ್ರಗಳನ್ನು ತೆಗೆದುಕೊಂಡು ಮುಂದೆ ಸಾಗಿಹೋಯಿತು. ಕೆಲಸ ಕೆಟ್ಟಿತೆಂದು ಕೈಬಿಡದೆ, ಉಳಿದ ಇಂಧನವನ್ನು ಜಿಪುಣತನದಿಂದ ಬಳಸಿ, ಸೂರ್ಯನ ಸುತ್ತ ಇನ್ನೊಂದು ಸುತ್ತು ಹಾಕಿಸಿ ಅದನ್ನು ಮರಳಿ ಕರೆತಂದರು. ೨೦೦೦ದ ಫೆಬ್ರವರಿ ೧೪ರಂದು ಅದು ಈರಾಸನ್ನು ಸುತ್ತತೊಡಗಿತು. ಕ್ಷುದ್ರಗ್ರಹವೊಂದಕ್ಕೆ ಮನುಷ್ಯ ಮಾಡಿದ ಉಪಗ್ರಹ ಇದೇ ಮೊದಲು.

ಒಂದು ವರ್ಷ ಅದು ಈರಾಸಿನ ಸುತ್ತ ತಿರುಗಿ ಸುಮಾರು ಒಂದು ಲಕ್ಷ ಅರವತ್ತು ಸಾವಿರ ಚಿತ್ರಗಳನ್ನು ಕಳುಹಿಸಿತು. ಎಲ್ಲೆಲ್ಲಿಯೂ ಉಲ್ಕೆಗಳು ಬಡಿದ ಕುಳಿಗಳು, ಮನೆಗಾತ್ರದ ಬಂಡೆಗಳು, ಎಲ್ಲವನ್ನೂ ಹೊದ್ದ ಧೂಳು. ಕೆಲವು ಕುಳಿಗಳ ತಳದಲ್ಲಿ ಆ ಧೂಳು ಕೆರೆಯ ನೀರು ನಿಂತಂತೆ ಸಮತಟ್ಟಾಗಿ ಕುಳಿತಿತ್ತು. ನೀರು, ಗಾಳಿಗಳಿಲ್ಲದ ಕಡೆ ಧೂಳನ್ನು ಹೀಗೆ ಹಾಸಿದವರು ಯಾರು ಎಂಬುದು ವಿಜ್ಞಾನಿಗಳಿಗೆ ಒಳ್ಳೆಯ ಒಗಟಾಯಿತು. ಕುಳಿಗಳಿಗೆ ಪುರಾಣ, ಇತಿಹಾಸ, ಸಾಹಿತ್ಯಗಳ ಪ್ರೇಮಿಗಳ ಹೆಸರನ್ನಿಟ್ಟಿದ್ದಾರೆ, ಮನ್ಮಥನ ನಾಡಲ್ಲವೇ! ಲೈಲಾ ಮಜ್ನೂರೂ ಅಲ್ಲಿದ್ದಾರೆ. ಬೇರೆ ನೆಲಗಳಿಗೆ ವಿಟ್, ಶಾರ್ಲ್ವಾ, ಹಿಂಕ್ಸ್, ಫಿನ್ಸೆನ್ ಇವರ ಹೆಸರುಗಳು ಸಂದಿವೆ.

ಈರಾಸಿನ ಮೇಲೆ ನೀವು ನಿಂತರೆ ಏನಾಗುತ್ತದೆ? ಇಲ್ಲಿ ೬೦ ಕಿಲೋ ತೂಗುವವರು ಅಲ್ಲಿ ಹೆಚ್ಚೆಂದರೆ ಒಂದು ನಿಂಬೆಹಣ್ಣಿನಷ್ಟು ತೂಗುತ್ತಾರೆ. ನಮ್ಮ ಹುಡುಗರು ಮೈದಾನದಲ್ಲಿ ಎಸೆಯುವಂತೆ ಒಂದು ಚೆಂಡನ್ನು ಬೀಸಿ ಎಸೆದರೆ ಅದು ಮರಳಿ ನೆಲಕ್ಕೆ ಬೀಳದೆ, ಈರಾಸನ್ನೇ ಬಿಟ್ಟು ಆಕಾಶದ ಪಾಲಾಗುತ್ತದೆ. ನೌಕೆಯ ನಡೆಯಿಂದ ಈರಾಸಿನ ಸಾಂದ್ರತೆಯನ್ನೂ ಗಣಿಸಿದರು: ನೀರಿನ ೨.೬೭ ಪಟ್ಟು. ನಮ್ಮ ನಾಡಿನ ಕಣಶಿಲೆಯ ಸಾಂದ್ರತೆಯೂ ಹೆಚ್ಚು ಕಡಿಮೆ ಇಷ್ಟೇ. ಎಂದರೆ ಈರಾಸ್ ಸಡಿಲವಾದ ಜಲ್ಲಿಯ ಗುಡ್ಡೆಯಲ್ಲ, ಒಳಗೆ ಬಿರುಕುಗಳಿದ್ದರೂ ಒಂದೇ ಆಗಿ ನಿಂತಿರುವ ಬಂಡೆ. ಸೂರ್ಯನ ಎಕ್ಸ್-ಕಿರಣಗಳು ತಾಗಿದಾಗ ಅದರ ಮೈಯಿಂದ ಹೊಮ್ಮುವ ಕಿರಣಗಳನ್ನು ಪರೀಕ್ಷಿಸಿ ಅದರಲ್ಲಿರುವ ಧಾತುಗಳನ್ನು ಕಂಡುಕೊಂಡರು. ಭೂಮಿಯ ಮೇಲೆ ಬೀಳುವ ಉಲ್ಕಾಶಿಲೆಗಳಲ್ಲಿ ಬಹುಪಾಲು ಯಾವ ಬಗೆಯವೋ ಅವನ್ನೇ ಅದು ಬಹುಮಟ್ಟಿಗೆ ಹೋಲುತ್ತದೆ. ಇಂಥ ಕಲ್ಲುಗಳು ಸುಮಾರು ೪೫೦ ಕೋಟಿ ವರ್ಷ ಹಿಂದಿನವು. ಭೂಮಿ ಕರಗಿ, ಹೆಪ್ಪುಗಟ್ಟಿ, ಮಳೆ ಗಾಳಿಗಳಿಗೆ ಸಿಕ್ಕಿ ತನ್ನ ಬಾಲ್ಯದ ಗುರುತುಗಳನ್ನು ಅಳಿಸಿಕೊಂಡಿದೆ. ಅಡಿಗೆ ಮುಗಿದ ಮೇಲೂ ಮೂಲೆಯಲ್ಲಿ ಉಳಿದ ಅಕ್ಕಿಬೇಳೆಯಂತೆ, ಗ್ರಹಗಳನ್ನು ಕಟ್ಟಿದ ಮೂಲ ಸಾಮಗ್ರಿಯ ಮಾದರಿ ಈ ಕಲ್ಲುಗಳಲ್ಲಿ ಉಳಿದುಬಂದಿದೆ.

ಕೊನೆಯಲ್ಲಿ ಯಾರೂ ಮೊದಲು ಯೋಚಿಸಿರದ ಒಂದು ಸಾಹಸ ನಡೆಯಿತು. ನೌಕೆಗೆ ಇಳಿಯಲು ಕಾಲುಗಳಿರಲಿಲ್ಲ. ಅದನ್ನು ಇಳಿಸುವುದಕ್ಕೆಂದು ಕಟ್ಟಿರಲಿಲ್ಲ. ಆದರೂ ಇಂಧನ ಮುಗಿಯುತ್ತ ಬಂದುದರಿಂದ, ಇಳಿಯುತ್ತ ಇಳಿಯುತ್ತ ಹತ್ತಿರದ ಚಿತ್ರಗಳನ್ನಾದರೂ ತೆಗೆಯಲಿ ಎಂದು ೨೦೦೧ರ ಫೆಬ್ರವರಿ ೧೨ರಂದು ಅದನ್ನು ಕೆಳಕ್ಕೆ ಬಿಟ್ಟರು. ಅಂದು ಅದರ ಸದ್ದು ಭೂಮಿಗೆ ಬರಲು ಹದಿನೇಳು ನಿಮಿಷಕ್ಕೂ ಹೆಚ್ಚು ಬೇಕಾಗಿತ್ತು. ಅಪಾಯವಾದರೆ ಇಲ್ಲಿಂದ ಕೈಹಿಡಿಯುವಂತಿರಲಿಲ್ಲ. ಮನುಷ್ಯ ಚುರುಕಾಗಿ ನಡೆಯುವ ವೇಗದಲ್ಲಿ ಅದು ನೆಲವನ್ನು ಮುಟ್ಟಿತು. ಮುಟ್ಟಿದ ಮೇಲೂ ಅದರ ರೇಡಿಯೋ ಮಾತಾಡುತ್ತಲೇ ಇತ್ತು! ಫೆಬ್ರವರಿ ೨೮ರವರೆಗೆ ಮಣ್ಣಿನ ವಿವರಗಳನ್ನು ಕಳುಹಿಸಿ ಆಮೇಲೆ ಮೌನವಾಯಿತು. ಆ ನೌಕೆ ಇಂದಿಗೂ ಆ ಬಂಡೆಯ ಮೇಲೆ ಕುಳಿತು ಮಂಗಳನ ದಾರಿಯನ್ನು ದಾಟಿ ಹೋಗುತ್ತ ಬರುತ್ತ ಇದೆ.

ಇನ್ನು, ಸದ್ಯಕ್ಕೆ ಭಯವಿಲ್ಲ ಎಂದ ಮಾತಿಗೆ ಬರೋಣ. ಈಗಿನ ಕಕ್ಷೆಯಲ್ಲಿ ಈರಾಸ್ ನಮಗೆ ಎಷ್ಟೇ ಹತ್ತಿರ ಬಂದರೂ ಚಂದ್ರನ ದೂರದ ಸುಮಾರು ಅರವತ್ತು ಪಟ್ಟು ಆಚೆ ಇರುತ್ತದೆ. ಆದರೆ ಮಂಗಳನ ದಾರಿಯನ್ನು ದಾಟುವ ಕಾಯದ ಕಕ್ಷೆ ಶಾಶ್ವತವಲ್ಲ. ಪ್ರತಿ ಸಲವೂ ಮಂಗಳ ಅದನ್ನು ಕೊಂಚ ಎಳೆಯುತ್ತಾನೆ. ಇತರ ಗ್ರಹಗಳೂ ಎಳೆಯುತ್ತವೆ. ಕೊಂಚ ಕೊಂಚವಾಗಿ ದಾರಿ ಬದಲಾಗುತ್ತದೆ. ೧೯೯೬ರಲ್ಲಿ ಗಣಕಯಂತ್ರಗಳಿಂದ ಲೆಕ್ಕ ಹಾಕಿದವರು, ಇನ್ನು ಇಪ್ಪತ್ತು ಲಕ್ಷ ವರ್ಷಗಳಷ್ಟು ಕಾಲದಲ್ಲಿ ಅದರ ಕಕ್ಷೆ ಭೂಮಿಯ ಕಕ್ಷೆಯನ್ನೂ ದಾಟುವಂತಾಗಬಹುದೆಂದು ತೋರಿಸಿದರು. ಆರೂವರೆ ಕೋಟಿ ವರ್ಷಗಳಿಗೂ ಹಿಂದೆ ಡೈನೋಸಾರ್ ಪ್ರಾಣಿಗಳ ಅಳಿವಿಗೆ ಕಾರಣವಾಯಿತೆಂದು ಹೇಳುವ ಕಾಯ ಸುಮಾರು ಹತ್ತು ಕಿಲೋಮೀಟರಿನದು; ಈರಾಸ್ ಅದಕ್ಕಿಂತ ದೊಡ್ಡದು. ಇದರಿಂದ ಇಂದೇ ನಿದ್ದೆಗೆಡಬೇಕಾದ್ದಿಲ್ಲ. ಆದರೆ ಇಂಥ ಕಲ್ಲುಗಳ ಪಟ್ಟಿ ಮಾಡುವುದು, ಅವು ಗಟ್ಟಿಬಂಡೆಯೋ ಸಡಿಲ ಜಲ್ಲಿಯೋ ಎಂದು ತಿಳಿಯುವುದು ಬರಿಯ ಕುತೂಹಲದ ಕೆಲಸವಲ್ಲ. ದಾರಿಗೆ ಅಡ್ಡ ಬರುವ ಕಲ್ಲನ್ನು ಸರಿಸಬೇಕಾದ ದಿನ ಬಂದರೆ, ಅದರ ಗುಣ ತಿಳಿಯದೆ ಕೈಹಾಕುವಂತಿಲ್ಲ. ೧೮೯೪ರಲ್ಲಿ ಈರಾಸ್ಬಂದುಹೋದದ್ದು ಯಾರಿಗೂ ತಿಳಿಯದೆ ಹೋಯಿತಲ್ಲ, ಅಂಥ ಅಜ್ಞಾನ ಇನ್ನು ಮುಂದೆ ನಮಗೆ ಸಲ್ಲದು.

೧೯೭೫ರ ಜನವರಿಯಲ್ಲಿ ಈರಾಸ್ ಬಂದಾಗ ಅದಕ್ಕೂ ರೇಡಿಯೋ ಅಲೆಗಳನ್ನು ತಾಗಿಸಿ ಪ್ರತಿಧ್ವನಿ ಪಡೆದರು. ೨೦೧೨ರ ಜನವರಿ ೩೧ರಂದು ಅದು ೨ ಕೋಟಿ ೬೭ ಲಕ್ಷ ಕಿಲೋಮೀಟರು ದೂರದಲ್ಲಿ ಹಾದುಹೋಯಿತು. ಇನ್ನು ಹೀಗೆ ಹತ್ತಿರ ಬರುವುದು ೨೦೫೬ರ ಜನವರಿಯಲ್ಲಿ. ಬರಿಗಣ್ಣಿಗೆ ಅದು ಕಾಣಿಸದು. ಆದರೆ ಒಂದು ಸಣ್ಣ ದೂರದರ್ಶಕವಿದ್ದರೆ ಸಾಕು. ನಿಮ್ಮ ಮನೆಯಲ್ಲಿ ಈಗ ಶಾಲೆಗೆ ಹೋಗುವ ಮಕ್ಕಳಿದ್ದರೆ ಈ ವರ್ಷವನ್ನು ಅವರಿಗೆ ಹೇಳಿಡಿ. ಸೂರ್ಯನ ದೂರವನ್ನು ಅವರು ಈಗಾಗಲೇ ಬಾಯಿಪಾಠ ಮಾಡಿರುತ್ತಾರೆ; ಅದನ್ನು ಅಳೆಯಲು ನೆರವಾದ ಕಲ್ಲು ನಕ್ಷತ್ರಗಳ ನಡುವೆ ಚುಕ್ಕೆಯಾಗಿ ಸರಿಯುವುದನ್ನು ಒಮ್ಮೆ ಅವರು ಕಣ್ಣಾರೆ ನೋಡಲಿ.